ಮಸುಕು ಮೇಷ್ಟ್ರ ಸಂಜೆ ಬಿಸಿಲು

ಆ ದಿನದ ಅವಾಂತರಕ್ಕೆಲ್ಲ ಮೂಲ ಒಂದು ಬಿಳಿ ಬೆಡ್‌ಶೀಟು. ಬೆಳಿಗ್ಗೆ ತಿಂಡಿ ಮುಗಿಸಿದವರೇ ಮಸುಕು ಮೇಷ್ಟ್ರು ಮೇಲಿನ ಮಹಡಿಗೆ ಹೋಗಿ ಮನೆ ಒಡತಿಯ ಬಳಿ ಅದನ್ನು ಕೇಳಿದರು. ಕೇಳಿದ್ದು ತಪ್ಪಲ್ಲ. ಯಾಕೆ ಬೇಕು ಎಂದು ಆಕೆ ವಿಚಾರಿಸಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರಲ್ಲ, ಅದು ತಪ್ಪಾಯಿತು. ಬಾಡಿಗೆಗೆ ಇರುವವರು ಅಂಥ ಅಭ್ಯಾಸಗಳನ್ನು ಇಟ್ಟುಕೊಳ್ಳಬಾರದು.

ಮೇಷ್ಟ್ರು ಕಾಲೇಜಿನಲ್ಲಿ ಕಲೆಯ ಇತಿಹಾಸ ಕಲಿಸುವವರು. ಅದರಲ್ಲೂ ಇಂಪ್ರೆಷನಿಸ್ಟ್ ಚಿತ್ರಗಳೆಂದರೆ ಪ್ರಾಣ. ಮರವನ್ನೋ ಕೊಳವನ್ನೋ ಬಿಡಿಸುವ ಬದಲು ಆ ಗಳಿಗೆಯಲ್ಲಿ ಅದರ ಮೇಲೆ ಬಿದ್ದ ಬಿಸಿಲನ್ನು ಬಿಡಿಬಿಡಿ ಬಣ್ಣಗಳಲ್ಲಿ ಹಿಡಿಯುವ ಚಿತ್ರಗಳು ಅವು. ಹತ್ತಿರ ನಿಂತರೆ ಬರೀ ಬಣ್ಣದ ಮುದ್ದೆ, ಹಿಂದೆ ಸರಿದರೆ ಕೊಳ. ಹಿಂದೊಮ್ಮೆ ಕಟ್ಟಡದವರಿಗೆಲ್ಲ ಗೋಡೆಯ ಮೇಲೆ ಅವನ್ನು ತೋರಿಸಿದಾಗ, ಕೆಳಗಿನ ಮನೆಯ ನಿವೃತ್ತ ಟ್ರಾಫಿಕ್ ಇನ್ಸ್‌ಪೆಕ್ಟರು ಕೊನೆಯವರೆಗೂ "ಫೋಕಸ್ ಸರಿ ಮಾಡ್ರೀ" ಎಂದು ಕೂಗುತ್ತಲೇ ಇದ್ದರು. ಮಸುಕು ಮೇಷ್ಟ್ರು ಎಂಬ ಹೆಸರು ಅಂದಿನಿಂದ ಅಂಟಿಕೊಂಡಿತು.

ಅವರ ಇಡೀ ವೃತ್ತಿಜೀವನ ನಿಂತಿದ್ದದ್ದು ಒಂದು ಚಿತ್ರದ ಮೇಲೆ. ಬೆಟ್ಟದ ಮುಂದೆ ಹಗ್ಗಕ್ಕೆ ಹಾಕಿದ ಒದ್ದೆ ಬಿಳಿ ಬಟ್ಟೆಗಳು, ಪಕ್ಕದಲ್ಲಿ ಕೊಡೆ ಹಿಡಿದ ಹೆಂಗಸು. ಬರೆದವನ ಸಹಿ ಇಲ್ಲ. ಅದನ್ನು ಇಟ್ಟುಕೊಂಡಿದ್ದ ಶ್ರೀಮಂತರು ಯಾರನ್ನೂ ಗೇಟಿನೊಳಗೆ ಬಿಡುತ್ತಿರಲಿಲ್ಲ. ಎಂದೋ ಯಾರೋ ತೆಗೆದ ಒಂದೇ ಒಂದು ಸ್ಲೈಡು, ಅಂದರೆ ಪುಟ್ಟ ಚೌಕಟ್ಟಿನಲ್ಲಿ ಕೂರಿಸಿದ ಪಾರದರ್ಶಕ ಫಿಲ್ಮು, ಕಾಲೇಜಿನಲ್ಲಿತ್ತು. ಆ ಸ್ಲೈಡನ್ನು ಗೋಡೆಯ ಮೇಲೆ ಬಿಟ್ಟು ಬಿಟ್ಟು ನೋಡಿ, ಅದರಲ್ಲಿರುವುದು ಸಂಜೆಯ ಬಿಸಿಲು ಎಂದು ಮೇಷ್ಟ್ರು ದಪ್ಪದೊಂದು ಪುಸ್ತಕ ಬರೆದರು. ಬೆಟ್ಟ ಇರುವುದು ಉತ್ತರಕ್ಕೆ. ನೆರಳು ಬಿದ್ದಿರುವುದು ಬಲಕ್ಕೆ. ಅಂದಮೇಲೆ ಸೂರ್ಯ ಎಡಗಡೆ, ಅಂದರೆ ಪಶ್ಚಿಮದಲ್ಲಿ. ಇದು ಅವರ ವಾದ.

ಅದೇ ಸ್ಲೈಡನ್ನು ನೋಡಿ ಅವರಷ್ಟೇ ದಪ್ಪದ ಇನ್ನೊಂದು ಪುಸ್ತಕ ಬರೆದವರು ಅವರ ಸಹಪಾಠಿ. "ಆ ನೆರಳು ನೀಲಿ ಕಣೋ, ನೀಲಿ! ಸಂಜೆ ನೆರಳಿಗೆ ಅಷ್ಟು ನೀಲಿ ಎಲ್ಲಿಂದ ಬರಬೇಕು? ಅದು ಬೆಳಗು" ಎಂಬುದು ಅವರ ಹಠ. ಅವರನ್ನು ಎಲ್ಲರೂ ಬೆಳಗಿನ ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಈಗ ಮದುವೆ ಮನೆಯಲ್ಲಿ ಸಿಕ್ಕರೂ ಊಟದ ಪಂಕ್ತಿಯಲ್ಲಿ ಎದುರುಬದುರು ಕೂರುತ್ತಿರಲಿಲ್ಲ.

ಈ ಜಗಳಕ್ಕೆ ಅಂದು ಬೆಳಿಗ್ಗೆ ಬೆಲೆ ಬಂತು. ಮ್ಯೂಸಿಯಂನ ಡೈರೆಕ್ಟರ್ ಮೇಡಂ ಫೋನ್ ಮಾಡಿದ್ದರು. ಶ್ರೀಮಂತರು ಕೊನೆಗೂ ಮನಸ್ಸು ಮಾಡಿ ಚಿತ್ರವನ್ನು ಮ್ಯೂಸಿಯಂಗೆ ಕೊಟ್ಟಿದ್ದಾರೆ, ಸಂಜೆ ವ್ಯಾನು ಬರುತ್ತದೆ, ನಾಳೆ ಹೊಸ ವಿಭಾಗದ ಉದ್ಘಾಟನೆ.

"ನೋಡಿ ಸರ್, ಚಿತ್ರದ ಕೆಳಗೆ ಬೆಳಗು ಅಂತಲೋ ಸಂಜೆ ಅಂತಲೋ ಏನಾದ್ರೂ ಒಂದು ಬರೀಲೇಬೇಕು. ವಿಭಾಗಕ್ಕೆ ಮುಖ್ಯಸ್ಥರೂ ಬೇಕು. ಸಮಿತಿಯವರು ನಿಮ್ಮಿಬ್ಬರಲ್ಲಿ ಯಾರು ಅಂತ ಒದ್ದಾಡ್ತಿದ್ದಾರೆ. ಯಾರ ಮಾತು ನಿಜವೋ ಅವರಿಗೇ ಹುದ್ದೆ ಅಂತ ನಾನು ಹೇಳ್ಬಿಟ್ಟೆ."

"ಸಂಜೆ ನನ್ನ ಟೆರೇಸಿಗೆ ಬನ್ನಿ ಮೇಡಂ. ಅವನನ್ನೂ ಕರ್ಕೊಂಡು ಬನ್ನಿ. ಚಿತ್ರವನ್ನ ಹಾಗೇ ನಿಮ್ಮ ಕಣ್ಣೆದುರಿಗೆ ನಿಲ್ಲಿಸ್ತೀನಿ. ಸಂಜೆ ನೆರಳೂ ನೀಲಿ ಅಂತ ತೋರಿಸ್ತೀನಿ" ಎಂದುಬಿಟ್ಟರು ಮೇಷ್ಟ್ರು.

"ಮೂಲ ಚಿತ್ರಾನೇ ಬರ್ತಿದೆಯಲ್ರೀ, ಅದನ್ನ ನೋಡಿದ್ರೆ ಸಾಲದಾ?" ಎಂದಳು ಹೆಂಡತಿ.

"ಅದನ್ನ ನೋಡಿ ಏನು ಬಂತು? ಇಷ್ಟು ವರ್ಷ ಇಬ್ಬರೂ ಅದನ್ನೇ ತಾನೆ ನೋಡ್ತಿರೋದು?" ಎಂದು ಮೇಷ್ಟ್ರು ಬೆಡ್‌ಶೀಟು ಕೇಳಲು ಹೊರಟರು.

ಮನೆ ಒಡತಿ ಎಲ್ಲವನ್ನೂ ಕೇಳಿಸಿಕೊಂಡು ಕಣ್ಣರಳಿಸಿದರು. "ಅಯ್ಯೋ, ಕೊಡೆ ಹಿಡಿದು ನಿಲ್ಲೋಕೆ ಯಾರನ್ನ ಗೊತ್ತುಮಾಡಿದೀರಿ?"

"ನನ್ನ ಹೆಂಡತಿ..."

"ಪಾಪ, ಆಕೆಗೆ ಕೆಲಸ ಇರುತ್ತೆ. ನಾನೇ ನಿಂತ್ಕೋತೀನಿ ಬಿಡಿ."

ಚಿತ್ರದಲ್ಲಿದ್ದ ಹೆಂಗಸು ಗಾಳಿಗೆ ಹಾರಿಹೋಗುವಷ್ಟು ತೆಳ್ಳಗಿದ್ದಳು. ಮನೆ ಒಡತಿಯನ್ನು ಬಿರುಗಾಳಿಯೂ ಬಳಸಿಕೊಂಡೇ ಹೋಗಬೇಕು. ಆದರೆ ಬಾಡಿಗೆ ಕರಾರು ಮುಗಿಯುತ್ತ ಬಂದಿತ್ತು. "ನಿಮಗಿಂತ ಯಾರು ಬೇಕು ಮೇಡಂ" ಎಂದು ಮೇಷ್ಟ್ರು ಹಲ್ಲುಕಿರಿದು ಬಂದರು.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕಟ್ಟಡ ತುಂಬ ಹಬ್ಬಿತ್ತು. ಇನ್ಸ್‌ಪೆಕ್ಟರು ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಟೆರೇಸಿಗೆ ಬಂದು, ಬಿಳಿ, ಹಳದಿ ಸೀಮೆಸುಣ್ಣದಲ್ಲಿ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದರು. "ಕೊಡೆ ಇಲ್ಲಿ. ಬಟ್ಟೆ ಅಲ್ಲಿ. ನೋಡೋರು ಹಳದಿ ಗೆರೆ ಆಚೆ. ನೆರಳು ಈ ಗೆರೆ ದಾಟೋ ಹಾಗಿಲ್ಲ" ಎಂದು ಸಾರಿದರು.

"ನೆರಳಿಗೆ ಹೇಗೆ ಹೇಳೋದು ಸರ್?"

"ಅದು ನಿಮ್ಮ ಡಿಪಾರ್ಟ್‌ಮೆಂಟು" ಎಂದರು ಇನ್ಸ್‌ಪೆಕ್ಟರು. ಉತ್ತರಕ್ಕಿದ್ದ ನೀರಿನ ಟ್ಯಾಂಕು ಬೆಟ್ಟವಾಯಿತು. ಅಕ್ಕಪಕ್ಕದವರು ಕುರ್ಚಿ ತಂದು ಜಾಗ ಹಿಡಿದರು.

ಅಷ್ಟರಲ್ಲಿ ಟೆರೇಸಿನ ಮೂಲೆಯಿಂದ ಮನೆ ಒಡತಿಯ ಸಂತೋಷದ ಕೂಗು ಕೇಳಿಸಿತು. "ಮೇಷ್ಟ್ರೇ, ಬೆಡ್‌ಶೀಟು ಯಾಕೋ ಹಳದಿಗೆ ತಿರುಗಿತ್ತು. ಬಂದೋರ ಮುಂದೆ ಮರ್ಯಾದೆ ಹೋಗಬಾರದು ಅಂತ ನೀಲಿ ಹಾಕಿ ಅದ್ದಿಟ್ಟಿದೀನಿ!"

ಮೇಷ್ಟ್ರು ಓಡಿಹೋಗಿ ನೋಡಿದರು. ಬಟ್ಟೆ ಬೆಳ್ಳಗಾಗಲು ಹಾಕುವ ನೀಲಿಯನ್ನು ಆಕೆ ಚಿಟಿಕೆ ಲೆಕ್ಕದಲ್ಲಿ ಹಾಕಿರಲಿಲ್ಲ, ಡಬ್ಬಿ ಲೆಕ್ಕದಲ್ಲಿ ಹಾಕಿದ್ದರು. ದೊಡ್ಡ ಟಬ್ಬಿನ ತುಂಬ ಶಾಯಿಯಂಥ ನೀರು. ಅದರಲ್ಲಿ ಮುಳುಗಿದ್ದ ಬೆಡ್‌ಶೀಟು ಶಾಲೆಯ ಯೂನಿಫಾರ್ಮಿನ ಬಣ್ಣಕ್ಕೆ ಬಂದಿತ್ತು. ನೀಲಿ ಬಟ್ಟೆಯ ಮೇಲೆ ಬಿದ್ದ ನೆರಳು ನೀಲಿ ಎಂದು ತೋರಿಸಿದರೆ ಬೆಳಗಿನ ಪ್ರೊಫೆಸರು ಬಿದ್ದು ಬಿದ್ದು ನಗುವುದಿಲ್ಲವೇ?

ಮೇಷ್ಟ್ರು ಪ್ಯಾಂಟು ಮಡಚಿ ಟಬ್ಬಿಗಿಳಿದು ಬೆಡ್‌ಶೀಟನ್ನು ತುಳಿಯತೊಡಗಿದರು. ಆಮೇಲೆ ಅದನ್ನು ನಲ್ಲಿಯಡಿ ಹಿಡಿದು ಹಿಂಡಿದರು, ಮತ್ತೆ ಒಗೆದರು, ಮತ್ತೆ ಹಿಂಡಿದರು. ಹೆಂಡತಿ ಸೋಪು ತಂದುಕೊಟ್ಟಳು. ಬೆಡ್‌ಶೀಟು ಕೊನೆಗೂ ಬೆಳ್ಳಗಾಯಿತು. ಅದರ ಬಣ್ಣವೆಲ್ಲ ಮೇಷ್ಟ್ರ ಕಾಲಿಗೆ ಬಂದಿತ್ತು. ಡೈರೆಕ್ಟರ್ ಮೇಡಂ ಮತ್ತು ಪ್ರೊಫೆಸರು ಮೆಟ್ಟಿಲು ಹತ್ತಿ ಬಂದಾಗ ಮೇಷ್ಟ್ರು ಮೇಲೆ ಕೋಟು ಟೈ, ಕೆಳಗೆ ಮೊಣಕಾಲವರೆಗೆ ನೀಲಿ ಕಾಲುಗಳಲ್ಲಿ ನಿಂತು ಕೈಮುಗಿದರು.

"ಇದೇನೋ ಅವತಾರ?" ಎಂದರು ಪ್ರೊಫೆಸರು.

"ಸಂಶೋಧನೆ" ಎಂದರು ಮೇಷ್ಟ್ರು.

ಮೇಡಂ ಸ್ಲೈಡಿನಿಂದ ಮಾಡಿಸಿದ ದೊಡ್ಡ ಫೋಟೋ ತಂದಿದ್ದರು. ಅದನ್ನು ಎದುರಿಗಿಟ್ಟುಕೊಂಡು ಮೇಷ್ಟ್ರು ಮನೆ ಒಡತಿಯನ್ನು ನಿಲ್ಲಿಸಿದರು. "ಕೊಡೆ ಎಡಗೈಯಲ್ಲಿ ಮೇಡಂ."

"ಎಡಗೈಲಿ ಯಾರ್ರೀ ಕೊಡೆ ಹಿಡೀತಾರೆ? ಕೈ ನೋಯುತ್ತೆ."

"ಚಿತ್ರದಲ್ಲಿ ಹಾಗಿದೆ. ದಯವಿಟ್ಟು ಅಲುಗಾಡಬೇಡಿ."

ಎಲ್ಲವೂ ಸಜ್ಜಾದ ಆ ಗಳಿಗೆಗೆ ಸರಿಯಾಗಿ ಒಂದು ಮೋಡ ಬಂದು ಸೂರ್ಯನ ಮುಂದೆ ನಿಂತಿತು. ಟೆರೇಸು ಮಂಕಾಯಿತು. ನೆರಳೇ ಇಲ್ಲದ ಮೇಲೆ ಎಡವೇನು, ಬಲವೇನು? ಮನೆ ಒಡತಿ ನೋಯುವ ಎಡಗೈಗೆ ಬಲಗೈಯ ಆಸರೆ ಕೊಟ್ಟರು. ಪ್ರೊಫೆಸರು ಗಡಿಯಾರ ನೋಡಿಕೊಂಡು ಸಿಳ್ಳೆ ಹಾಕಿದರು. ಇನ್ಸ್‌ಪೆಕ್ಟರಿಗೆ ತಡೆಯಲಾಗಲಿಲ್ಲ. ಹಳದಿ ಗೆರೆಯ ಮೇಲೆ ನಿಂತು, ಆಕಾಶದ ಕಡೆ ಕೈ ಬೀಸಿ, ಸೀಟಿ ಊದಿದರು. ಮೋಡಕ್ಕೆ ನಾಚಿಕೆಯಾಯಿತೋ ಏನೋ, ಮೆಲ್ಲಗೆ ಮುಂದಕ್ಕೆ ಹೋಯಿತು.

ಬಿಸಿಲು ಬಿತ್ತು. ಕೊಡೆಯ ನೆರಳು ನೆಲದ ಮೇಲೆ ಬಲಕ್ಕೆ ಚಾಚಿ, ಒದ್ದೆ ಬೆಡ್‌ಶೀಟಿನ ಅಂಚನ್ನು ಹತ್ತಿತು. ಬಿಳಿ ಬಟ್ಟೆಯ ಮೇಲೆ ಅದು ಕಪ್ಪಾಗಿರಲಿಲ್ಲ. ತಿಳಿ ನೀಲಿಯಾಗಿತ್ತು, ಅಂಚಿನಲ್ಲಿ ಚೂರು ನೇರಳೆಯೂ ಇತ್ತು. ಹರಟುತ್ತಿದ್ದವರೆಲ್ಲ ಕುರ್ಚಿಯಿಂದ ಎದ್ದು ನಿಂತರು. ದಿನಾ ಬಟ್ಟೆ ಒಣಗಿಸುವ ಟೆರೇಸು ಇಷ್ಟು ಚೆಂದ ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಹೌದ್ರೀ, ನೀಲಿ!" ಎಂದರು ಇನ್ಸ್‌ಪೆಕ್ಟರು. "ಈಗ ಫೋಕಸ್ ಸರಿಯಾಯ್ತು."

ಮೇಷ್ಟ್ರು ವೃತ್ತಿಯ ಅಭ್ಯಾಸದಂತೆ ಕಣ್ಣನ್ನು ಅರ್ಧ ಮುಚ್ಚಿ, ಪೂರ್ತಿ ನೋಟ ಸಿಗಲೆಂದು ಒಂದು ಹೆಜ್ಜೆ ಹಿಂದೆ ಸರಿದರು. ಇನ್ನೂ ಒಂದು ಹೆಜ್ಜೆ. ಮತ್ತೂ ಒಂದು. ಧಡಾರನೆ ನೀಲಿ ಟಬ್ಬಿನೊಳಗೆ ಕೂತರು. ಕೋಟು, ಟೈ, ಕನ್ನಡಕ ಎಲ್ಲ ನೀಲಿಯಾದವು. ಆದರೂ ಮೇಲೇಳದೆ, ಟಬ್ಬಿನಲ್ಲಿ ಕೂತೇ ಬೆರಳು ತೋರಿಸಿ, "ಸಂಜೆ! ನೋಡಿ, ಸಂಜೆ!" ಎಂದು ಕೂಗಿದರು.

ಬೆಳಗಿನ ಪ್ರೊಫೆಸರು ಫೋಟೋ ನೋಡಿದರು, ಬೆಡ್‌ಶೀಟು ನೋಡಿದರು, ಮತ್ತೆ ಫೋಟೋ ನೋಡಿದರು. ಮನುಷ್ಯ ಹಠವಾದಿಯೇ ಹೊರತು ಕೆಟ್ಟವರಲ್ಲ. ಟಬ್ಬಿನ ಹತ್ತಿರ ಬಂದು ಕೈ ಚಾಚಿದರು. "ಸೋತೆ ಕಣೋ. ಇಷ್ಟು ವರ್ಷ ಸುಮ್ಮನೆ ನಿನ್ನ ಜೊತೆ ಮಾತು ಬಿಟ್ಟೆ" ಎಂದು ಎಬ್ಬಿಸಿ ತಬ್ಬಿಕೊಂಡರು. ಅವರ ಬಿಳಿ ಶರ್ಟೂ ನೀಲಿಯಾಯಿತು. ಮೇಡಂ ಇಬ್ಬರಿಂದಲೂ ಒಂದು ಮಾರು ದೂರ ನಿಂತು, "ಸಂಜೆ ಅಂತಲೇ ಬರೆಸೋಣ. ಅಭಿನಂದನೆ, ಮುಖ್ಯಸ್ಥರೇ" ಎಂದರು. ಹೆಂಡತಿ ಎಲ್ಲರೆದುರಿಗೇ ಚಪ್ಪಾಳೆ ತಟ್ಟಿದಳು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಅದೂ ಸ್ವಲ್ಪ ನೀಲಿಯೇ ಇತ್ತು.

ವ್ಯಾನು ಬಂದಿದೆಯೆಂದು ಫೋನು ಬಂದದ್ದು ಆಗಲೇ. ಮ್ಯೂಸಿಯಂ ಎರಡು ಬೀದಿಯ ಆಚೆಗಿತ್ತು. ಮನೆ ಒಡತಿ ಕೊಡೆಯನ್ನು ಮಡಚಲಿಲ್ಲ. ಇನ್ಸ್‌ಪೆಕ್ಟರು ಸೀಟಿ ಊದಿ ಬಸ್ಸುಗಳನ್ನು ನಿಲ್ಲಿಸಿದರು. ಇಬ್ಬರು ನೀಲಿ ವಿದ್ವಾಂಸರು ಹೆಗಲ ಮೇಲೆ ಕೈ ಹಾಕಿಕೊಂಡು ನಡುವೆ ನಡೆದರು. ದಾರಿಹೋಕರು ಯಾವುದೋ ಸರ್ಕಸ್ಸು ಬಂದಿದೆಯೆಂದುಕೊಂಡರು.

ಮ್ಯೂಸಿಯಂ ಹಾಲ್‌ನಲ್ಲಿ ಪೆಟ್ಟಿಗೆಯ ಮೊಳೆ ಕಿತ್ತು, ಹೊದಿಕೆ ಸರಿಸುವ ಗೌರವವನ್ನು ಮೇಡಂ ಹೊಸ ಮುಖ್ಯಸ್ಥರಿಗೇ ಕೊಟ್ಟರು. ಮೇಷ್ಟ್ರು ಬಟ್ಟೆ ಸರಿಸಿದರು. ಜೀವಮಾನವೆಲ್ಲ ಕನವರಿಸಿದ ಚಿತ್ರ ಕೊನೆಗೂ ಕಣ್ಣೆದುರಿಗಿತ್ತು. ಬೆಟ್ಟ ಇತ್ತು. ಬಟ್ಟೆಗಳಿದ್ದವು. ಹೆಂಗಸಿದ್ದಳು.

ಕೊಡೆ ಅವಳ ಬಲಗೈಯಲ್ಲಿತ್ತು.

ನೆರಳು ಎಡಕ್ಕೆ ಬಿದ್ದಿತ್ತು.

ಮೇಡಂ ಕೈಯಲ್ಲಿದ್ದ ಫೋಟೋವನ್ನು ಪಕ್ಕಕ್ಕೆ ಹಿಡಿದರು. ಒಂದು ಇನ್ನೊಂದರ ಕನ್ನಡಿಯ ಬಿಂಬದಂತಿತ್ತು. ಯಾವ ಕಾಲದಲ್ಲೋ ಯಾರೋ ಆ ಸ್ಲೈಡನ್ನು ಚೌಕಟ್ಟಿಗೆ ಹಾಕುವಾಗ ಹಿಂದುಮುಂದಾಗಿ ಸೇರಿಸಿದ್ದರು. ಇಬ್ಬರು ಪಂಡಿತರು ಎರಡು ದಪ್ಪ ಪುಸ್ತಕ ಬರೆದದ್ದು ತಿರುಗುಮುರುಗಾದ ಚಿತ್ರದ ಮೇಲೆ. ನೆರಳು ಎಡಕ್ಕೆಂದರೆ ಸೂರ್ಯ ಬಲಕ್ಕೆ, ಬಲವೆಂದರೆ ಪೂರ್ವ. ಇದನ್ನು ಬಿಡಿಸಿ ಹೇಳಲು ಮೇಷ್ಟ್ರ ಪುಸ್ತಕವೇ ಸಾಕಾಗಿತ್ತು.

"ಬೆಳಗು" ಎಂದರು ಮೇಷ್ಟ್ರು. ಅವರೇ ಮೊದಲು ಹೇಳಿದರು.

ಪ್ರೊಫೆಸರು ಗಾಬರಿಯಿಂದ "ಬೇಡ ಮೇಡಂ, ನಾನಾಗಲೇ ಸೋಲೊಪ್ಪಿದೀನಿ" ಎಂದರು. ಮೇಡಂ ಒಪ್ಪಲಿಲ್ಲ. ಯಾರ ಮಾತು ನಿಜವೋ ಅವರಿಗೇ ಹುದ್ದೆ ಎಂದು ಸಮಿತಿಗೆ ಮಾತು ಕೊಟ್ಟಾಗಿತ್ತು. ಹುದ್ದೆ ಪ್ರೊಫೆಸರಿಗೆ ಹೋಯಿತು.

ಮೇಷ್ಟ್ರಿಗೆ ಅಳು ಬರಬೇಕಿತ್ತು, ಬರಲಿಲ್ಲ. ಮೂಲ ಚಿತ್ರದ ಆ ನೀಲಿಯ ಮುಂದೆ ಸ್ಲೈಡಿನ ನೀಲಿ ಏನೇನೂ ಅಲ್ಲ. ಅವರು ಕಣ್ಣು ಅರ್ಧ ಮುಚ್ಚಿ ಹಿಂದೆ ಹಿಂದೆ ಸರಿಯುತ್ತಿದ್ದರು. ಹೆಂಡತಿ ಮುನ್ನೆಚ್ಚರಿಕೆಯಿಂದ ಕೋಟು ಹಿಡಿದುಕೊಂಡಿದ್ದಳು.

ಮೇಡಂಗೆ ಟೆರೇಸಿನ ದೃಶ್ಯ ಬಹಳ ಹಿಡಿಸಿಬಿಟ್ಟಿತ್ತು. ಉದ್ಘಾಟನೆಯನ್ನು ಸೂರ್ಯೋದಯಕ್ಕೇ ಇಟ್ಟುಕೊಂಡು, ಮ್ಯೂಸಿಯಂನ ಹುಲ್ಲುಹಾಸಿನ ಮೇಲೆ ಅದನ್ನೇ ಮತ್ತೆ ಮಾಡಿಸಬೇಕೆಂದರು. ಮನೆ ಒಡತಿಗೆ ಕೊಡೆ ಖಾಯಮ್ಮಾಯಿತು, ಅದೂ ಬಲಗೈಯಲ್ಲಿ. ಇನ್ಸ್‌ಪೆಕ್ಟರಿಗೆ ಸೀಟಿ. ಬೆಡ್‌ಶೀಟು ಒದ್ದೆ ಮಾಡಲು ಯಾರಾದರೂ ಬೇಕಲ್ಲ ಎಂದಾಗ ಎಲ್ಲರೂ ಮೇಷ್ಟ್ರನ್ನು ನೋಡಿದರು.

ಮರುದಿನ ಬೆಳಕು ಹರಿಯುವ ಮೊದಲೇ ಮೇಷ್ಟ್ರು ಬಕೆಟ್ಟು ಹಿಡಿದು ಹುಲ್ಲಿನ ಮೇಲಿದ್ದರು. ಗಣ್ಯರು ಬಂದರು. ಪೂರ್ವ ಕೆಂಪಾಯಿತು. ಹೊಸ ಮುಖ್ಯಸ್ಥರ ಪತ್ತೆಯಿಲ್ಲ.

"ಸೂರ್ಯ ಕಾಯಲ್ಲ ಸರ್. ಬೆಳಗಿನ ಬಗ್ಗೆ ನೀವೇ ನಾಲ್ಕು ಮಾತಾಡಿಬಿಡಿ" ಎಂದರು ಮೇಡಂ.

ಮೇಷ್ಟ್ರು ಬಕೆಟ್ಟು ಕೆಳಗಿಟ್ಟು ಮಾತಾಡಿದರು. ತಮ್ಮ ಪುಸ್ತಕದಲ್ಲಿ ಬೆಳಗಿನ ವಿರುದ್ಧ ಬರೆದದ್ದನ್ನೆಲ್ಲ ಒಂದೊಂದಾಗಿ ತಾವೇ ಕೆಡವಿದರು. ನೆರಳು ಎಡಕ್ಕೆ ಚಾಚಿ ಬಟ್ಟೆಯ ಅಂಚು ಹತ್ತಿದಾಗ ಜನ ಚಪ್ಪಾಳೆ ತಟ್ಟಿದರು. ಭಾಷಣಕ್ಕಿಂತ ಸೂರ್ಯನಿಗೇ ತಟ್ಟಿದರೆಂದು ಹೆಂಡತಿ ಆಮೇಲೆ ಹೇಳಿದಳು.

ಎಲ್ಲ ಮುಗಿದು, ಬೆಡ್‌ಶೀಟು ಪೂರ್ತಿ ಒಣಗಿ, ಮೇಷ್ಟ್ರು ಅದನ್ನು ಮಡಚುತ್ತಿದ್ದಾಗ ಪ್ರೊಫೆಸರ ಫೋನು ಬಂತು. ದನಿಯಲ್ಲಿ ಇನ್ನೂ ನಿದ್ದೆ ಇತ್ತು.

"ಏನೋ, ಮುಗಿದೇಹೋಯ್ತಾ? ಮೇಡಂಗೆ ಏನಾದ್ರೂ ಹೇಳಿ ಸಂಭಾಳಿಸೋ. ಅಲಾರಂ ಹೊಡ್ಕೊಂಡಿದ್ದು ಕೇಳಿಸಲೇ ಇಲ್ಲ." ಆಮೇಲೆ ದನಿ ತಗ್ಗಿಸಿ ಕೇಳಿದರು, "ನಿಜ ಹೇಳು, ಹೇಗಿರುತ್ತೋ ಅದು, ಬೆಳಗು? ಹುಟ್ಟಿದಾಗಿನಿಂದ ನಾನು ಒಂದು ದಿನಾನೂ ಆ ಹೊತ್ತಿಗೆ ಎದ್ದೋನಲ್ಲ."

ಮೇಷ್ಟ್ರು ಬೆಡ್‌ಶೀಟನ್ನು ಹೆಗಲ ಮೇಲೆ ಹಾಕಿಕೊಂಡು ಬಕೆಟ್ಟು ಕೈಗೆತ್ತಿಕೊಂಡರು.

"ನೀವು ಬರೆದ ಹಾಗೇ ಇರುತ್ತೆ, ಸರ್" ಎಂದರು.