ಬಿಸಿ ಕೋಣೆಯಲ್ಲಿ ಇಡ್ಲಿ ಹಿಟ್ಟು

ಸ್ವೀಡನ್ನಿನ ಚಳಿಗೆ ಹೆದರಿ ಇಡ್ಲಿಯ ಆಸೆಯನ್ನೇ ಬಿಟ್ಟ ಕನ್ನಡಿಗರ ಬಗ್ಗೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. "ಇಲ್ಲಿ ಹಿಟ್ಟು ಉಬ್ಬೋದೇ ಇಲ್ಲ ಆಂಟಿ" ಎಂಬುದು ಸೋಮಾರಿಗಳ ಮಾತು! ನಾನು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಅದನ್ನೇ ಜೀವಮಾನವಿಡೀ ಕಲಿಸಿ ನಿವೃತ್ತಳಾದವಳು. ಹಿಟ್ಟನ್ನು ಹೇಗೆ ಹುಳಿ ಬರಿಸಬೇಕೆಂದು ಬ್ಯಾಕ್ಟೀರಿಯಾಗಳಿಗೇ ಪಾಠ ಹೇಳಬಲ್ಲೆ. ಆದ್ದರಿಂದ ೨೦೦೭ರ ಫೆಬ್ರವರಿಯಲ್ಲಿ, ಸೇಲೆನ್ ಎಂಬ ಸ್ಕೀ ಬೆಟ್ಟದ ಹಿಮರಾಶಿಯ ನಡುವೆ, ಮಂಕಿ ಟೋಪಿ ಧರಿಸಿ ನಿಂತು ಪ್ರತಿಜ್ಞೆ ಮಾಡಿದೆ: ಇಲ್ಲಿ ಮಲ್ಲಿಗೆಯಂಥ ಇಡ್ಲಿ ಮಾಡಿ ಬಡಿಸಿಯೇ ತೀರುತ್ತೇನೆ!

ನಾವು ಅಲ್ಲಿಗೆ ಹೋದದ್ದು ಮಗಳು ಪಾವನಾಳ ದೆಸೆಯಿಂದ. ಗೊಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಅವಳ ಸಾಫ್ಟ್‌ವೇರ್ ಕಚೇರಿ. ಅವಳ ಮೇಲಧಿಕಾರಿ ಲಾರ್ಸ್, ತಂಡದವರನ್ನೆಲ್ಲ ಮನೆಮಂದಿಯ ಸಮೇತ ಒಂದು ಐಷಾರಾಮಿ ಮರದ ಬಂಗಲೆಗೆ ಕರೆದುಕೊಂಡು ಬಂದಿದ್ದ. ಗೋಡೆಯ ತುಂಬ ಗಾಜು, ನೆಲದಡಿಯಿಂದ ಬಿಸಿ, ಬಾಗಿಲಿನಿಂದಲೇ ಜಾರಿಕೊಂಡು ಹೋಗಬಹುದಾದ ಹಿಮದ ಇಳಿಜಾರು! ಅತಿಥಿಗಳಾಗಿ ಭಾರತದಿಂದ ಬಂದಿದ್ದ ನನ್ನನ್ನೂ ನಮ್ಮ ಯಜಮಾನರಾದ ಬದರಿನಾಥರನ್ನೂ ಬಿಟ್ಟು ಬರುವಂತಿರಲಿಲ್ಲ.

"ಅಮ್ಮಾ, ಕೈ ಮುಗೀತೀನಿ, ಇಲ್ಲಿರೋವರೆಗೂ ಏನೂ ಮಾಡ್ಬೇಡ," ಎಂದಳು ಪಾವನಾ. "ಹೊಸ ಪ್ರಾಜೆಕ್ಟಿಗೆ ಲೀಡ್ ಯಾರು ಅಂತ ಲಾರ್ಸ್ ಇಲ್ಲೇ ಹೇಳ್ತಾರೆ. ನಾನೋ, ಇಲ್ಲಾ ಎರಿಕ್ಕೋ. ನಾನು ಇದಕ್ಕೋಸ್ಕರ ಎರಡು ವರ್ಷ ಒದ್ದಾಡಿದೀನಿ."

"ಏನೂ ಮಾಡ್ಬೇಡ ಅಂದ್ರೆ ಏನೇ ಅರ್ಥ? ಅವರ ಉಪ್ಪು ತಿಂದ ಮೇಲೆ ನಮ್ಮ ಇಡ್ಲಿ ತಿನ್ನಿಸಬೇಡ್ವಾ?"

"ಅವಳು ಹೇಳ್ತಿರೋದೂ ಅದನ್ನೇ," ಎಂದರು ಯಜಮಾನರು, ಪತ್ರಿಕೆಯಿಂದ ತಲೆಯೆತ್ತದೆ. "ತಿನ್ನಿಸಬೇಡ."

ಮರುದಿನ ಬೆಳಿಗ್ಗೆ ಎಲ್ಲರೂ ಸ್ಕೀ ಮಾಡಲು ಹೊರಟುಹೋದರು. ನೆನೆಸಿಟ್ಟಿದ್ದ ಅಕ್ಕಿ ಉದ್ದನ್ನು ಮಿಕ್ಸಿಯಲ್ಲಿ ರುಬ್ಬಿದೆ. ಉಪ್ಪು ಹಾಕಿ ಕೈಯಿಂದಲೇ ಕಲಸಿದೆ. ಅದು ಕೈಗುಣವಲ್ಲ, ಶುದ್ಧ ವಿಜ್ಞಾನ! ಆದರೆ ಅಷ್ಟು ಮಂದಿಗೆ ಸಾಲುವ ಹಿಟ್ಟು ಹಿಡಿಸುವ ಪಾತ್ರೆ ಆ ಅರಮನೆಯಲ್ಲಿ ಒಂದೂ ಇಲ್ಲ. ಇನ್ನು ಹಿಟ್ಟಿಗೆ ಬೇಕಾದ ಬೆಚ್ಚನೆಯ ಜಾಗವೆಲ್ಲಿ?

ಆಗ ಹಿಂಬದಿಯ ಸೌನಾ ನೆನಪಾಯಿತು. ಸ್ವೀಡನ್ನಿನವರು ಮರದ ಹಲಗೆಯ ಆ ಪುಟ್ಟ ಕೋಣೆಯಲ್ಲಿ ಕರೆಂಟಿನ ಒಲೆ ಹಚ್ಚಿ, ಕೂತು ಬೆವರುತ್ತಾರೆ. ಒಲೆಯ ಮೇಲೆ ಕಲ್ಲುಗಳ ರಾಶಿ, ಗೋಡೆಯಲ್ಲಿ ಉಷ್ಣಮಾಪಕ. ಪ್ರಯೋಗಾಲಯವೇ ಸರಿ! ಮೂಲೆಯಲ್ಲಿ ಹೊಚ್ಚಹೊಸ ಮರದ ಬಕೆಟ್ಟು, ಜೊತೆಗೊಂದು ಮರದ ಸೌಟು. ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಅಲಂಕಾರಕ್ಕೆ ಇಟ್ಟದ್ದೆಂದು ತೀರ್ಮಾನಿಸಿದೆ. ಕುದಿನೀರಿನಲ್ಲಿ ತೊಳೆದು ಹಿಟ್ಟು ಸುರಿದೆ. ಒಲೆಯನ್ನು ತುಸುವೇ ಹಚ್ಚಿ, ಕೋಣೆ ಹದವಾಗಿ ಬೆಚ್ಚಗಾದೊಡನೆ ಆರಿಸಿ, ಬಾಗಿಲು ಮುಚ್ಚಿ ಬಂದೆ.

"ಎಲ್ಲಿಟ್ಟೆ?" ಎಂದರು ಯಜಮಾನರು.

"ಸೌನಾದಲ್ಲಿ."

"ಯಾರನ್ನಾದ್ರೂ ಕೇಳಿದ್ಯಾ?"

"ವಿಜ್ಞಾನಕ್ಕೆ ಯಾರ ಅಪ್ಪಣೆ ಬೇಕು?"

ಮಧ್ಯಾಹ್ನ ಊಟ ಮುಗಿಸಿ ಹಾಗೆಯೇ ಕಣ್ಣು ಮುಚ್ಚಿದೆ. ಬೆಟ್ಟದಲ್ಲಿ ಗಾಳಿಯೆದ್ದು, ಸ್ಕೀ ಲಿಫ್ಟು ನಿಂತು, ಲಾರ್ಸ್ ಮತ್ತು ಅವನ ಹೆಂಡತಿ ಕಾರಿನ್ ಎಲ್ಲರಿಗಿಂತ ಮೊದಲೇ ಮರಳಿದ್ದು ನನಗೇನು ಗೊತ್ತು? ಎಚ್ಚರವಾದಾಗ ಸೌನಾದ ಬಾಗಿಲಿನ ಸಂದಿಯಿಂದ ಬೆಳಕು ಕಾಣಿಸಿತು. ಅಯ್ಯೋ, ಯಾರೋ ಒಲೆ ಹಚ್ಚಿದ್ದಾರೆ! ನನ್ನ ಬ್ಯಾಕ್ಟೀರಿಯಾಗಳು ಬೆಂದು ಸಾಯುತ್ತವೆ! ಓಡಿಹೋಗಿ ಬಾಗಿಲನ್ನು ದಡಾರನೆ ತೆಗೆದೆ.

ಎದುರಿಗೆ ಮೇಲಿನ ಹಲಗೆಯಲ್ಲಿ ಲಾರ್ಸ್ ಮತ್ತು ಕಾರಿನ್. ಹುಟ್ಟಿದ ದಿನ ಹೇಗಿದ್ದರೋ ಹಾಗೆ!

ಲಾರ್ಸ್ ಕಿಂಚಿತ್ತೂ ಅಳುಕದೆ, ಕೈಯಲ್ಲಿ ಸೌಟು ಹಿಡಿದು, "ಬನ್ನಿ ಪ್ರೊಫೆಸರ್, ಕೂತ್ಕೊಳ್ಳಿ!" ಎಂದ ಇಂಗ್ಲಿಷಿನಲ್ಲಿ. "ನಾವು ಕಲ್ಲಿನ ಮೇಲೆ ಬರೀ ನೀರು ಹಾಕಿ ಹಬೆ ಎಬ್ಬಿಸ್ತೀವಿ. ನೀವು ಭಾರತದ್ದೇನೋ ವಿಶೇಷ ಇಟ್ಟಿದೀರಿ. ಬಹಳ ಸಂತೋಷ!"

ನಾನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, "ಮೊದಲು ಬಟ್ಟೆ ಹಾಕ್ಕೊಳ್ಳಿ!" ಎಂದು, ತರಗತಿಯಲ್ಲಿ ಗದರುವ ದನಿಯಲ್ಲಿ ಗದರಿದೆ. "ಅದನ್ನು ಸುರಿಯಬೇಡಿ" ಎನ್ನಬೇಕಾಗಿತ್ತು. ನನ್ನ ಆದ್ಯತೆ ತಪ್ಪಿತು.

ಚುಂಯ್‌ಯ್‌ಯ್!

ಕಾದ ಕಲ್ಲಿನ ಮೇಲೆ ಸೌಟುಗಟ್ಟಲೆ ಇಡ್ಲಿ ಹಿಟ್ಟು. ಮೊದಲು ದೋಸೆಯ ಘಮ, ಮರುಕ್ಷಣ ಸೀದ ವಾಸನೆ, ಆಮೇಲೆ ಹೊಗೆಯೋ ಹೊಗೆ! ಇಡೀ ಬಂಗಲೆಯ ಬೆಂಕಿ ಎಚ್ಚರಿಕೆ ಗಂಟೆಗಳು ಒಮ್ಮೆಲೇ ಅರಚಿದವು. ಫಟ್ಟೆಂದು ದೀಪಗಳು ಆರಿದವು. ಅಕ್ಕಪಕ್ಕದ ಬಂಗಲೆಗಳವರು ಓಡಿ ಬಂದರು. ಅಷ್ಟರಲ್ಲೇ ಸ್ಕೀ ಹೊತ್ತು ಮರಳಿದ ಪಾವನಾ ಮತ್ತು ಉಳಿದವರು ಬಾಗಿಲಲ್ಲಿ ನಿಂತಿದ್ದರು.

ಪಾವನಾ ಕಿರುಚಲಿಲ್ಲ. ನನ್ನತ್ತ ಒಮ್ಮೆ ನೋಡಿದಳು, ಅಷ್ಟೆ. ಮೇನ್ ಸ್ವಿಚ್ ಆಫ್ ಮಾಡಿದಳು. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆದು ಹೊರಗೆ ಸಾಲಾಗಿ ನಿಲ್ಲಿಸಿದಳು. ಬಂಗಲೆ ನೋಡಿಕೊಳ್ಳುವವನಿಗೆ ಫೋನ್ ಮಾಡಿದಳು. ಕಾರಿನ್‌ಗೆ ನನ್ನ ಶಾಲು ಹೊದಿಸಿದಳು. ಹಿಮದಲ್ಲಿ ಬರಿಮೈಯಲ್ಲಿ ನಿಂತಿದ್ದ ಲಾರ್ಸ್‌ಗೆ ಯಜಮಾನರ ಜರಿಪಂಚೆಯನ್ನು ಬಿಗಿಯಾಗಿ ಉಡಿಸಿದಳು. "ಎರಿಕ್ ಎಲ್ಲಿ?" ಎಂದು ಯಾರೋ ಕೇಳಿದರು. ಅವನು ಆಗಲೇ ತನ್ನ ಕಾರು ಹತ್ತಿ ಕೂತಿದ್ದ.

ಬೆಂಕಿಯೇನೂ ಹತ್ತಿರಲಿಲ್ಲ. ಹೊಗೆ ಅಡಗಿದ ಮೇಲೆ ಯಜಮಾನರು ಸೌನಾದೊಳಗೆ ಇಣುಕಿ, ಕಲ್ಲಿನಿಂದ ಒಂದು ಚೂರು ಕಿತ್ತು ಬಾಯಿಗೆ ಹಾಕಿಕೊಂಡರು.

"ಪದ್ಮಿನಿ, ಮದುವೆಯಾದ ಮೇಲೆ ಮೊದಲ ಸಲ ನಿನ್ನ ದೋಸೆ ಗರಿಗರಿಯಾಗಿ ಬಂದಿದೆ!"

"ಬಾಯಿ ಮುಚ್ಚಿ!"

ಎಲ್ಲಾದರೂ ಭೂಮಿ ಬಾಯ್ಬಿಡುತ್ತದೆಯೇ ಎಂದು ನೋಡಿದೆ. ಅಲ್ಲಿ ಭೂಮಿಯೇ ಕಾಣುತ್ತಿರಲಿಲ್ಲ, ಬರೀ ಹಿಮ. ಮಗಳ ಎರಡು ವರ್ಷದ ದುಡಿಮೆಯನ್ನು ನಾನು ಸೌಟು ಸೌಟಾಗಿ ಸುಟ್ಟಿದ್ದೆ. ಅವಳು ಬೈದಿದ್ದರೆ ವಾದಿಸಬಹುದಿತ್ತು. ಬೈಯಲಿಲ್ಲ. ಅದೇ ಹೆಚ್ಚು ಉರಿಯಿತು.

ಸಂಜೆ ಬ್ರೆಡ್ಡು ಚೀಸಿನ ಊಟ. ನಾನು ಎದ್ದು ನಿಂತೆ. ವಿಶ್ವವಿದ್ಯಾಲಯದ ಕುಲಪತಿಯ ಮುಂದೆಯೂ ಬಾಗದ ತಲೆ ಬಾಗಿಸಿ, "ತಪ್ಪು ಪೂರ್ತಿ ನನ್ನದು. ದಯವಿಟ್ಟು ಅದನ್ನು ನನ್ನ ಮಗಳ ಲೆಕ್ಕಕ್ಕೆ ಹಾಕಬೇಡಿ," ಎಂದೆ.

ಇನ್ನೂ ಪಂಚೆಯಲ್ಲೇ ಇದ್ದ ಲಾರ್ಸ್ ಗಂಭೀರವಾಗಿ ತಲೆಯಾಡಿಸಿದ. "ಎರಿಕ್ಕಾ, ಪಾವನಾನಾ ಅಂತ ಇವತ್ತು ಬೆಳಿಗ್ಗೆವರೆಗೂ ನಿರ್ಧಾರ ಮಾಡಿರಲಿಲ್ಲ. ಈಗ ಯೋಚನೆಯೇ ಬೇಕಿಲ್ಲ. ಪಾವನಾ, ಪ್ರಾಜೆಕ್ಟ್ ನಿನ್ನದು." ಚಪ್ಪಾಳೆ ನಿಂತ ಮೇಲೆ ಅವನೇ ಕೇಳಿದ: "ಆದರೆ ಒಂದು ಹೇಳು. ಏನೇ ಆದರೂ ಗಾಬರಿ ಆಗದೆ ಸಂಭಾಳಿಸೋದನ್ನ ಎಲ್ಲಿ ಕಲಿತೆ?"

ಪಾವನಾ ನನ್ನ ಕಡೆ ಬೆರಳು ತೋರಿಸಿದಳು.

"ಹುಟ್ಟಿದಾಗಿನಿಂದ ಇವರ ಜೊತೆ ಇದೀನಲ್ಲ!"