ಧರಣೇಂದ್ರಯ್ಯನವರ ಮೂಗಿಗೆ ನಾಸಿಕವಾಣಿ

"ಗೌಡ್ರೇ! ಚಪ್ಪಲಿ ಹಾಕ್ಕೊಳ್ಳೋಕೂ ನಿಲ್ಬೇಡಿ, ಇರೋ ಹಾಗೇ ಬಂದ್ಬಿಡಿ! ಇತಿಹಾಸ ಯಾರಿಗೂ ಕಾಯಲ್ಲ!"

ಪಕ್ಕದ ಮನೆಯ ಕಾಂಪೌಂಡಿನ ಮೇಲಿಂದ ಪಾರ್ಶ್ವನಾಥ ಹೀಗೆ ಕೂಗಿದಾಗ ನಾನು ಗಡ್ಡಕ್ಕೆ ಸೋಪು ಬಳಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದೆ. ಅರ್ಧ ಕೆನ್ನೆ ಬೋಳು, ಅರ್ಧ ಕೆನ್ನೆ ನೊರೆ. ಹಾಗೇ ಹೋದೆ. ಪಾರ್ಶ್ವನಾಥನ ಯಂತ್ರ ಶುರುವಾಗುವ ಹೊತ್ತಿಗೆ ಹತ್ತಿರ ಒಬ್ಬ ತಿಳಿದ ಹಿರಿಯನಾದರೂ ಇರಬೇಕು ಎನ್ನುವುದು ನಮ್ಮ ಬೀದಿಯವರೆಲ್ಲ ಅನುಭವದಿಂದ ಕಲಿತ ಪಾಠ. ಹಿಂದೆ ಅವನು ಒತ್ತುಶಾವಿಗೆಯನ್ನು ತನ್ನಷ್ಟಕ್ಕೇ ಒತ್ತುವ ಯಂತ್ರ ಮಾಡಿದ್ದ. ಅದು ಒತ್ತಿದ ಶಾವಿಗೆ ಫ್ಯಾನಿಗೆ ಸುತ್ತಿಕೊಂಡು, ಅಲ್ಲಿಂದ ಕಿಟಕಿ ದಾಟಿ, ನಮ್ಮ ಮನೆಯ ಬಟ್ಟೆ ಒಣಹಾಕುವ ತಂತಿಯವರೆಗೆ ಬಂದಿತ್ತು!

ಪಾರ್ಶ್ವನಾಥ ಹಾಸನದ ಸುತ್ತಮುತ್ತ ಪಂಪ್‌ಸೆಟ್ಟು ರಿಪೇರಿ ಮಾಡುವವನು. ಅಕ್ಕ ಕುಸುಮಾವತಿ, ಭಾವ ಧರಣೇಂದ್ರಯ್ಯ, ಇವರ ಮನೆಯ ಹಿಂದಿನ ಶೆಡ್ಡೇ ಅವನ ಪ್ರಯೋಗಶಾಲೆ. ಧರಣೇಂದ್ರಯ್ಯನವರದು ಕಾಫಿ ಪುಡಿ ಅಂಗಡಿ. ಮುಂದೆ ಅಂಗಡಿ, ಮಧ್ಯೆ ಮನೆ, ಪಕ್ಕದಲ್ಲಿ ಬೀಜ ಹುರಿಯಲು ಸುತ್ತಲೂ ತಗಡು ಹೊಡೆದ ಒಂದು ಕೋಣೆ. ಆ ಕೋಣೆಯಲ್ಲಿ ಅವರು ಬೀಜ ಹುರಿಯುವುದನ್ನು ನೀವು ನೋಡಬೇಕಿತ್ತು! ಕಣ್ಣು ಮುಚ್ಚಿ, ಮೂಗು ಮೇಲೆತ್ತಿ ನಿಲ್ಲುವರು. ಒಂದು ಗಳಿಗೆಯಲ್ಲಿ "ಇಳಿಸು!" ಎನ್ನುವರು. ಆ ಗಳಿಗೆ ತಪ್ಪಿದ್ದನ್ನು ನಾನಂತೂ ಕಂಡಿರಲಿಲ್ಲ.

ಆಮೇಲೆ ಅವರಿಗೆ ಕೊರೋನಾ ಬಂತು. ಜ್ವರ ಬಂದಷ್ಟೇ ಬೇಗ ಹೋಯಿತು, ಆದರೆ ಹೋಗುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಪ್ಪಿಟ್ಟು ತಿಂದರೆ ಹತ್ತಿ ಅಗಿದ ಹಾಗೆ, ಪಾಯಸ ಕುಡಿದರೆ ಬರೀ ಸಕ್ಕರೆ ನೀರು. ಕೆಲವು ತಿಂಗಳಾದ ಮೇಲೆ ವಾಸನೆ ಸ್ವಲ್ಪ ಮರಳಿತು, ಆದರೆ ತಿರುವುಮುರುವಾಗಿ ಮರಳಿತು. ಕಾಫಿ ಮೂಗಿನ ಹತ್ತಿರ ಬಂದರೆ ಸುಟ್ಟ ರಬ್ಬರಿನ ನಾತ! ಡಾಕ್ಟರು, "ಮೂಗಿನ ನರದ ಅಕ್ಕಪಕ್ಕದ ಜೀವಕೋಶಗಳಿಗೆ ಏಟು ಬಿದ್ದಿದೆ, ಚಿಗುರುವಾಗ ಹೀಗೆಲ್ಲ ಆಗುತ್ತೆ. ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ, ಇವನ್ನು ಬೆಳಿಗ್ಗೆ ಸಂಜೆ ಮೂಸಿ. ಮೂಗಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸಿ. ತಾಳ್ಮೆ ಬೇಕು" ಎಂದಿದ್ದರು.

ತಾಳ್ಮೆ ಧರಣೇಂದ್ರಯ್ಯನವರ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಪುಡಿ ಒಂದು ಸಲ ಸೀದು ಹೋಗುತ್ತಿತ್ತು, ಇನ್ನೊಂದು ಸಲ ಹಸಿ ಉಳಿಯುತ್ತಿತ್ತು. ಹಳೇ ಗಿರಾಕಿಗಳು ಒಬ್ಬೊಬ್ಬರೇ ಜಾರಿಕೊಂಡರು. "ವಯಸ್ಸಾಯ್ತು, ಮೂಗು ಬರೀ ನೆಪ" ಎಂದು ಆಡಿಕೊಂಡವರೂ ಇದ್ದರು. ಯುಗಾದಿಗೆ ಅಂಗಡಿ ಮುಚ್ಚಿ ಮೊಬೈಲ್ ಮಾರುವವನೊಬ್ಬನಿಗೆ ಬಾಡಿಗೆಗೆ ಕೊಡುವುದೆಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಹೇಳುವಾಗ ನಗುತ್ತಲೇ ಹೇಳಿದ್ದರು. ಆ ನಗು ನೋಡಲು ಚೆನ್ನಾಗಿರಲಿಲ್ಲ.

ಇನ್ನು ಯಂತ್ರಕ್ಕೆ ಬರೋಣ. ಶೆಡ್ಡಿನ ಮಧ್ಯೆ ಒಂದು ಹಳೇ ಫ್ರಿಜ್ಜಿನ ಪೆಟ್ಟಿಗೆ. ಅದರ ಬಾಯಿಗೆ ಸೀಮೆಎಣ್ಣೆ ಹುಯ್ಯುವ ದೊಡ್ಡ ಆಲಿಕೆ. ತಲೆಯ ಮೇಲೆ ಟೀವಿ ಡಿಶ್ಶು. ಪಕ್ಕದಲ್ಲಿ ಕುರ್ಚಿಯ ಮೇಲೆ, ತಂತಿಗಳು ಜಡೆಯಂತೆ ಇಳಿಬಿದ್ದ ಬೈಕ್ ಹೆಲ್ಮೆಟ್ ಹಾಕಿಕೊಂಡು ಧರಣೇಂದ್ರಯ್ಯ!

"ಇದರ ಹೆಸರು ನಾಸಿಕವಾಣಿ!" ಎಂದ ಪಾರ್ಶ್ವನಾಥ. "ನಾಲಿಗೆಗೆ ಗೊತ್ತಾಗೋದು ಉಪ್ಪು, ಹುಳಿ, ಸಿಹಿ, ಕಹಿ ಅಂಥ ನಾಲ್ಕಾರು ಮಾತ್ರ. ಮಿಕ್ಕ ರುಚಿಯೆಲ್ಲ ಮೂಗಿಂದು. ಆ ಮೂಗಾದ್ರೂ ಏನು ಗೌಡ್ರೇ? ಬರೀ ಬಾಗಿಲು. ವಾಸನೆ ಅನ್ನೋದು ತಿಳಿಯೋದು ಮಿದುಳಿಗೆ. ಬಾಗಿಲು ಕೆಟ್ಟಿದೆ ತಾನೆ? ನಾನು ಗೋಡೆ ಒಡೆದು ಒಳಗೆ ಹೋಗ್ತೀನಿ!"

"ಅದು ನನ್ನ ತಲೆ ಕಣಯ್ಯಾ, ಗೋಡೆಯಲ್ಲ" ಎಂದಿತು ಹೆಲ್ಮೆಟ್ಟು.

"ಭಾವ, ನಂಬಿಕೆ ಇಡಿ!"

"ಶಾವಿಗೆ ಒತ್ತಿದ ದಿನವೂ ಹೀಗೇ ಹೇಳಿದ್ದೆ" ಎಂದರು ಕುಸುಮಾವತಿಯವರು.

ಪಾರ್ಶ್ವನಾಥ ಆಲಿಕೆಗೆ ಒಂದು ನಿಂಬೆಹಣ್ಣು ಹಿಂಡಿದ. ಗುಂಡಿ ಒತ್ತಿದ. ಪೆಟ್ಟಿಗೆ ಗುರ್ರೆಂದಿತು. ಧರಣೇಂದ್ರಯ್ಯ ಕುರ್ಚಿಯ ಕೈ ಹಿಡಿದುಕೊಂಡರು. ಆಮೇಲೆ ಅವರ ಬಾಯಲ್ಲಿ ನೀರೂರಿತು, ಗಂಟಲು ಏರಿಳಿಯಿತು.

"ನಿಂಬೆಹಣ್ಣು! ಹಸಿ ನಿಂಬೆಹಣ್ಣು!"

ನಂತರ ಕಾಫಿ ಬೀಜ. ಅವರು ಕಣ್ಣು ಮುಚ್ಚಿದರು, ಮೂಗು ಮೇಲೇರಿತು. "ರಬ್ಬರಲ್ಲ. ಕಾಫಿ. ಕುಸುಮಾ, ಕಾಫಿ!" ಎಂದರು. ಹೆಲ್ಮೆಟ್ಟಿನ ಗಾಜಿನ ಹಿಂದೆ ಕಣ್ಣು ಒದ್ದೆಯಾಗಿತ್ತು. ಕುಸುಮಾವತಿಯವರು ಸೆರಗಿನಿಂದ ಒರೆಸಲು ಹೋಗಿ, ಗಾಜನ್ನು ಒರೆಸಿ ಬಂದರು. ನಾನೂ ಕಣ್ಣೊರೆಸಿಕೊಂಡೆ. ಕೆನ್ನೆಯ ನೊರೆ ಕಣ್ಣಿಗೆ ಹತ್ತಿತ್ತು, ಅದೂ ಒಂದು ಕಾರಣವಿರಬಹುದು.

ಮೊದಲ ತೊಂದರೆ ಬಂದದ್ದು ಭಾನುವಾರ. ಯಂತ್ರದ ಗೌರವಾರ್ಥ ಅವರ ಮನೆಯಲ್ಲಿ ಒಬ್ಬಟ್ಟಿನ ಊಟ. ನನ್ನನ್ನೂ ಕರೆದಿದ್ದರು. ಧರಣೇಂದ್ರಯ್ಯ ಹೆಲ್ಮೆಟ್ ಹಾಕಿಕೊಂಡೇ ಎಲೆಯ ಮುಂದೆ ಕೂತರು. ಎಲೆಯ ವಾಸನೆಯೆಲ್ಲ ಸಿಗಲೆಂದು ಪಾರ್ಶ್ವನಾಥ ಯಂತ್ರದ ವಾಸನೆ ಎಳೆಯುವ ಗುಂಡಿಯನ್ನು ಜೋರಿಗೆ ತಿರುಗಿಸಿದ್ದ. ಒಬ್ಬಟ್ಟಿನ ಸಾರಿನ ಮೊದಲ ತುತ್ತಿಗೇ ಅವರ ಮುಖ ಅರಳಿತು.

"ಆಹಾ! ಕುಸುಮಾ, ಇಂಥ ಸಾರು ನಮ್ಮನೇಲಿ ಹುಟ್ಟಿದಾಗಿಂದ ಉಂಡಿಲ್ಲ! ಏನೋ ಹೊಸದು ಹಾಕಿದ್ದೀಯ! ಏನು ಘಮ, ಏನು ಗಮ್ಮತ್ತು! ಇನ್ನೊಂದು ಸೌಟು ಹಾಕು!"

"ಯಾವಾಗಿನದೇ ಸಾರು ಕಣ್ರೀ" ಎಂದರು ಅವರು ಅನುಮಾನದಿಂದ.

ನಾನು ಕಿಟಕಿಯಾಚೆ ಶೆಡ್ಡಿನ ಕಡೆ ಇಣುಕಿದೆ. ಡಿಶ್ಶು ನಮ್ಮ ಮನೆಯ ಕಡೆಗೆ ತಿರುಗಿತ್ತು. ಭಾನುವಾರ ನಮ್ಮ ಒಲೆಯ ಮೇಲೆ ಏನಿರುತ್ತದೆಂದು ನನಗೆ ಗೊತ್ತಲ್ಲ! ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ನನ್ನ ಹೆಂಡತಿ ಸಾಕಮ್ಮ, "ಏನ್ರೀ, ಕೋಳಿ ಸಾರು ಆಗೋಯ್ತು! ಅಲ್ಲೇ ಉಂಡ್ಕೊಂಡ್ ಬತ್ತೀರೋ, ಎತ್ತಿಡ್ಲೋ?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಬೆಳ್ಳುಳ್ಳಿಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಜೈನರ ಮನೆ! ಧರಣೇಂದ್ರಯ್ಯನವರ ಕೈಯಲ್ಲಿದ್ದ ತುತ್ತು ಎಲೆಗೆ ಬಿತ್ತು.

"ತಿಂದಿಲ್ಲ ಭಾವ! ಮೂಸಿದ್ದೀರ ಅಷ್ಟೆ! ವಿಜ್ಞಾನದಲ್ಲಿ ಅದಕ್ಕೆ ಲೆಕ್ಕ ಇಲ್ಲ!"

"ನಮ್ಮಲ್ಲಿ ಇದೆ!" ಎಂದು ಗುಡುಗಿ ಅವರು ಎದ್ದುಹೋದರು. ಮಾರನೆಯ ದಿನ ಉಪವಾಸ. ಸಾಕಮ್ಮನಿಗೆ ಮಾತ್ರ ಒಳಗೊಳಗೇ ಹೆಮ್ಮೆ. "ಘಮ ಅಂದ್ರಂತಲ್ಲ?" ಎಂದು ವಾರವೆಲ್ಲ ಕೇಳಿದಳು.

ಅಕ್ಕ ಬೈದಳೆಂದು ಪಾರ್ಶ್ವನಾಥ ಯಂತ್ರ ಬಿಚ್ಚಿದ. ಆಚೆ ಮನೆಯ ವಾಸನೆ ಒಳಗೆ ಬರದ ಹಾಗೆ ಮಾಡಬೇಕಿತ್ತು. ತಂತಿಗಳನ್ನು ಅದಲುಬದಲು ಮಾಡಿದ. ವಾಸನೆ ಒಳಗೆ ಬರುವುದು ನಿಜವಾಗಿಯೂ ನಿಂತಿತು. ಹೊರಗೆ ಹೋಗಲು ಶುರುವಾಯಿತು!

ಅಂದು ಬೆಳಿಗ್ಗೆ ಧರಣೇಂದ್ರಯ್ಯ ಹೆಲ್ಮೆಟ್ ಹಾಕಿಕೊಂಡು ಅಂಗಡಿಯಲ್ಲಿ ಪುಡಿ ಮೂಸಿ ನೋಡುತ್ತಿದ್ದರಂತೆ. ಇತ್ತ ನನ್ನ ಬಾಯಿಗೆ ಬಂದ ಮೊದಲ ಗುಟುಕು ಕಾಫಿ ಎದುರಿನ ಗೋಡೆಗೆ ಹೋಯಿತು.

"ಸಾಕೂ! ಫಿಲ್ಟರಿಗೆ ಏನು ಹಾಕಿದ್ದೀಯೆ? ಟೈರಾ?"

"ನಿಮ್ ಬಾಯಿ ಕೆಟ್ಟೋಗದೆ!" ಎಂದು ಅವಳೂ ಒಂದು ಗುಟುಕು ಕುಡಿದಳು. ಅದೇ ಗೋಡೆ!

ಬೀದಿಯಲ್ಲಿ ಗದ್ದಲವೆದ್ದಿತು. ಪ್ರತಿ ಮನೆಯಿಂದಲೂ ಒಬ್ಬೊಬ್ಬರು ಲೋಟ ಹಿಡಿದು ಹೊರಗೆ ಬಂದರು. ಹೋಟೆಲಿನವನು ಡಿಕಾಕ್ಷನ್ನಿನ ಪಾತ್ರೆಯನ್ನೇ ಹೊತ್ತು ತಂದ. ಎಲ್ಲರೂ ಸೇರಿ ಕಾಫಿ ಅಂಗಡಿಗೆ ನುಗ್ಗಿದರು. "ಏನ್ ಸ್ವಾಮಿ, ಪುಡಿಗೆ ರಬ್ಬರ್ ಹಾಕ್ತೀರಾ?" "ನಾವೇನು ಮನುಷ್ಯರೋ ಲಾರಿಗಳೋ?"

ಹೆಲ್ಮೆಟ್ಟಿನ ಧರಣೇಂದ್ರಯ್ಯ ಗಾಬರಿಯಾಗಿ ಎದ್ದು ನಿಂತರು. ಗಲಾಟೆ ಕೇಳಿ ಒಳಗಿಂದ ಬಂದ ಕುಸುಮಾವತಿಯವರು ಯಾರದೋ ಲೋಟ ಕಸಿದುಕೊಂಡು ಬಾಯಿಗೆ ಹುಯ್ದುಕೊಂಡರು. ಓಡಿಹೋಗಿ ಉಗಿದು ಬಂದರು. ಕಣ್ಣಲ್ಲಿ ನೀರು. ಗಂಡನ ಮುಖವನ್ನೇ ನೋಡುತ್ತಾ ನಿಂತರು.

"ಇದನ್ನಾ ನೀವು ಇಷ್ಟು ದಿನ ಕುಡೀತಿದ್ದದ್ದು?"

"ಮಾರೋನು ಕುಡಿದು ನೋಡದೆ ಮಾರೋಕಾಗುತ್ತೇನೆ? ನಿಂಗೆ ಹೇಳಿದ್ನಲ್ಲ."

"ಹೇಳಿದ್ರಿ. ನಾನು ಕಿವೀಲಿ ಕೇಳಿದ್ದೆ. ಇಷ್ಟು ಅಂತ ಗೊತ್ತಿರ್ಲಿಲ್ಲ."

ಗುಂಪು ಮೆತ್ತಗಾಯಿತು. ನೆಪ ಎಂದಿದ್ದವರು ಲೋಟದೊಳಗೆ ಇಣುಕಿ ನೋಡತೊಡಗಿದರು. ಹೋಟೆಲಿನವನು ಪಾತ್ರೆ ಕೆಳಗಿಟ್ಟು, "ತಪ್ಪಾಯ್ತು ಅಯ್ನೋರೇ. ನಾನಾಗಿದ್ರೆ ಎರಡೇ ದಿನಕ್ಕೆ ಊರು ಬಿಟ್ಟಿರ್ತಿದ್ದೆ" ಎಂದ.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಪಾರ್ಶ್ವನಾಥ ಸ್ಕ್ರೂಡ್ರೈವರ್ ಎತ್ತಿ ಹಿಡಿದು ಪ್ರತ್ಯಕ್ಷನಾದ.

"ಯಾರೂ ಹೆದರ್ಬೇಡಿ! ಭಾವನ ಮೂಗು ಒಳ್ಳೇದನ್ನ ಕೆಟ್ಟದ್ದು ಮಾಡುತ್ತೆ. ಅದು ಈಗ ನಿಮಗೆಲ್ಲ ಅಂಟಿಕೊಂಡಿದೆ. ಇದನ್ನೇ ಉಲ್ಟಾ ಕಳಿಸಿದ್ರೆ ಕೆಟ್ಟದ್ದು ಒಳ್ಳೇದಾಗುತ್ತೆ! ಸುಲಭ!"

"ಬೇಡ ಕಣೋ" ಎಂದೆ ನಾನು.

"ಬೇಡ ಕಣೋ!" ಎಂದಿತು ಬೀದಿ.

ಧರಣೇಂದ್ರಯ್ಯ ಹೆಲ್ಮೆಟ್ ತೆಗೆದು ಮೈದುನನ ಕೈಗಿಟ್ಟರು. "ನನ್ನ ತಲೆ ಇನ್ಮೇಲೆ ಬಾಡಿಗೆಗಿಲ್ಲ" ಎಂದು ಹುರಿಯುವ ತಗಡಿನ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡರು. ಪಾರ್ಶ್ವನಾಥ ಹೆಲ್ಮೆಟ್ಟನ್ನು ತನ್ನ ತಲೆಗೇ ಏರಿಸಿದ. ಶೆಡ್ಡಿಗೆ ಓಡಿ ಗುಂಡಿ ಕೊನೆಯವರೆಗೂ ತಿರುಗಿಸಿದ. ಪೆಟ್ಟಿಗೆ ಗುರ್ರೆಂದಿತು, ಕೂಗಿತು, ಕುಣಿಯಿತು. ಡಿಶ್ಶು ಮೂರು ಸುತ್ತು ತಿರುಗಿತು. ಢಮಾರ್! ಆಲಿಕೆ ಹಾರಿ ನಮ್ಮ ತೆಂಗಿನ ಮರದಲ್ಲಿ ಸಿಕ್ಕಿಕೊಂಡಿತು.

ಹೊಗೆ ಆರಿದ ಮೇಲೆ ಹೋಟೆಲಿನವನು ಹೆದರುತ್ತಾ ಪಾತ್ರೆಗೆ ಮೂಗಿಟ್ಟ. "ಕಾಫಿ! ಅಪ್ಪಟ ಕಾಫಿ!" ಎಂದ. ಜೈಕಾರ ಮುಗಿಲು ಮುಟ್ಟಿತು. ಹುಬ್ಬು ಸುಟ್ಟುಕೊಂಡಿದ್ದ ಪಾರ್ಶ್ವನಾಥ ಎಲ್ಲರಿಗೂ ಕೈಮುಗಿದ.

ಯಂತ್ರ ಬೂದಿಯಾಗಿತ್ತು, ಮತ್ತೆ ಏಳುವ ಹಾಗಿರಲಿಲ್ಲ. ಕುಸುಮಾವತಿಯವರು ತಮ್ಮನನ್ನು ಪಂಪ್‌ಸೆಟ್ಟಿಗೆ ಅಟ್ಟಿ, ಲವಂಗದ ಡಬ್ಬಿ ಹಿಡಿದು ಗಂಡನ ಮುಂದೆ ಕೂತರು. ಅದೇ ಲವಂಗ, ನಿಂಬೆ, ಗುಲಾಬಿ, ನೀಲಗಿರಿ. ಈಗ ಗಂಡ ರೇಗುತ್ತಿರಲಿಲ್ಲ, ಹೆಂಡತಿ ಅವಸರಿಸುತ್ತಿರಲಿಲ್ಲ. ಬೀಜ ಹುರಿಯಲು ಇಬ್ಬರೂ ಒಟ್ಟಿಗೆ ನಿಲ್ಲುವರು. ಧರಣೇಂದ್ರಯ್ಯ ಬಣ್ಣ ನೋಡಿ, ಬೀಜ ಚಟಪಟ ಎನ್ನುವುದನ್ನು ಕೇಳುವರು, ಕುಸುಮಾವತಿಯವರು ಮೂಸುವರು.

"ಇಳಿಸಿ!"

"ಇನ್ನೊಂಚೂರು ಇರ್ಲಿ."

"ಮೂಗು ನಂದು, ಇಳಿಸಿ ಅಂದ್ರೆ ಇಳಿಸಿ!"

ಪುಡಿ ಮೊದಲಿನ ಹದಕ್ಕೆ ಬಂತು. ಗಿರಾಕಿಗಳು ಮರಳಿದರು. ಮೊಬೈಲಿನವನಿಗೆ ಧರಣೇಂದ್ರಯ್ಯ ತಾವೇ ಹೋಗಿ, ಬೇರೆ ಕಡೆ ನೋಡಿಕೊಳ್ಳಪ್ಪಾ ಎಂದು ಹೇಳಿ ಬಂದರು. ಮಾವು ಹೂ ಬಿಡುವ ಕಾಲಕ್ಕೆ ಒಂದು ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆರೆದಾಗ ಧರಣೇಂದ್ರಯ್ಯ ಕಣ್ಣು ಮುಚ್ಚಿ ಮೂಗು ಮೇಲೆತ್ತಿದರು. "ದೂರದಲ್ಲಿ ಎಲ್ಲೋ... ಲವಂಗ" ಎಂದರು. ಕುಸುಮಾವತಿಯವರು ನಮ್ಮ ಮನೆಗೆ ಓಡಿಬಂದು ಸಾಕಮ್ಮನನ್ನು ತಬ್ಬಿಕೊಂಡುಬಿಟ್ಟರು. ಅಂದೂ ಭಾನುವಾರ, ನಮ್ಮ ಒಲೆಯ ಮೇಲೆ ಅದೇ ಸಾರು. ಅವರು ಲಕ್ಷ್ಯವನ್ನೇ ಕೊಡಲಿಲ್ಲ!

ಆಮೇಲೆ ಗುಲಾಬಿ ಬಂತು, ನಿಂಬೆ ಬಂತು, ಕೊನೆಗೆ ಕಾಫಿಯೂ ಬಂತು, ರಬ್ಬರನ್ನು ಹಿಂದೆ ಬಿಟ್ಟು. ಹಾಗೆ ಮೂಗು ಪೂರ್ತಿ ತೆರೆದ ದಿನ ಧರಣೇಂದ್ರಯ್ಯ ಬೀದಿಗೆ ಬಂದು, ಚರಂಡಿಯ ಹತ್ತಿರ ನಿಂತು, ಎರಡೂ ಕೈ ಮೇಲೆತ್ತಿ ಕೂಗಿದರು.

"ಗೌಡ್ರೇ! ನಾರ್ತಾ ಇದೆ! ಏನು ಚೆನ್ನಾಗಿ ನಾರ್ತಾ ಇದೆ!"

ನಾನು ಹೋಗಿ ಪಕ್ಕದಲ್ಲಿ ನಿಂತೆ. ಉಸಿರೆಳೆದುಕೊಂಡೆ. ಹೌದು ಹೌದೆಂದು ತಲೆಯಾಡಿಸಿದೆ. ಪಾರ್ಶ್ವನಾಥನ ಉಲ್ಟಾ ಅಲೆ ನಮ್ಮೆಲ್ಲರ ಮೂಗಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಅಲೆ ತಗಡು ದಾಟದೆ, ತಗಡಿನ ಕೋಣೆಯಲ್ಲಿದ್ದ ಧರಣೇಂದ್ರಯ್ಯನವರೊಬ್ಬರು ಮಾತ್ರ ತಪ್ಪಿಸಿಕೊಂಡಿದ್ದರು. ಮಿಕ್ಕ ಬೀದಿಗೆಲ್ಲ ಆ ಚರಂಡಿ, ಆಗ ತಾನೇ ಇಳಿಸಿದ ಡಿಕಾಕ್ಷನ್ನಿನಂತೆ ಘಮಘಮಿಸುತ್ತಿತ್ತು! ಬೆಳಗಾದರೆ ಜನ ಅದರ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂರುತ್ತಿದ್ದರು. ವಾಸನೆ ಎಳೆದುಕೊಂಡು ಆಸೆ ತಡೆಯಲಾರದೆ ಎದ್ದು ಸೀದಾ ಕಾಫಿ ಅಂಗಡಿಗೆ ಹೋಗುತ್ತಿದ್ದರು. ಧರಣೇಂದ್ರಯ್ಯನವರ ವ್ಯಾಪಾರ ಎಂದೂ ಇಷ್ಟು ಜೋರಾಗಿ ನಡೆದಿರಲಿಲ್ಲ.

ಮೂಗಿಗೆ ಪಂಚೆಯ ತುದಿ ಒತ್ತಿಕೊಂಡು ಅವರೇ ಹೋಗಿ ಹೇಳಿ ಚರಂಡಿ ತೊಳೆಯುವವರನ್ನು ಕರೆಸಿದರು. ಅವರು ಬಂದರು, ಸನಿಕೆ ಇಳಿಸಿದರು. ನಮ್ಮ ಬೀದಿಯವರು ಮಾತ್ರ ಅವರಿಗೆ ಒಳ್ಳೇ ಕಾಫಿ ಕೊಟ್ಟು, ಕೆಲಸ ಇಲ್ಲವೆಂದು ಹಾಗೇ ಹಿಂದಕ್ಕೆ ಕಳಿಸಿದರು.