ಅರ್ಧ ಸಾರಿಸಿದ ಅಂಕಣ

ಎಲೈ ಕಾಲಪುರುಷನೇ, ಒಂದು ಗಳಿಗೆ ನಿಲ್ಲು. ಕೃತ, ತ್ರೇತಾ, ದ್ವಾಪರಗಳ ಮಹಾಯುದ್ಧಗಳನ್ನು ಬೇಕಾದಷ್ಟು ಕಂಡಿದ್ದೀಯೆ. ಈ ಕಲಿಯುಗದಲ್ಲಿ, ಧಾರವಾಡದ ಒಂದು ಗುಡ್ಡದ ನೆತ್ತಿಯಲ್ಲಿ, ಒಂದೇ ಅಂಕಣವಿರುವ ಟೆನಿಸ್ ಕ್ಲಬ್ಬಿನಲ್ಲಿ ನಡೆದ ಸಮರವನ್ನೂ ಕೇಳು. ಅದರ ನಾಯಕನು ಪ್ರಚಂಡಸರ್ವಿಸ್‌ಪ್ರಹಾರಿಯೂ, ಹನ್ನೊಂದು ಸಲ ಫೈನಲ್ ತಲುಪಿ ಹನ್ನೊಂದು ಸಲವೂ ಸೋತು ಬಂದ ಅಖಂಡಸಹನಶೀಲನೂ ಆದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಶಿವಬಸಪ್ಪ ಕುರಟ್ಟಿ. ಸೋಮವಾರ ಅವನ ಮಂಡಿಗಳಿಗೆ ಶಸ್ತ್ರಚಿಕಿತ್ಸೆ. ಆಮೇಲೆ ರ‍್ಯಾಕೆಟ್ ಮುಟ್ಟಕೂಡದೆಂದು ವೈದ್ಯಾಜ್ಞೆ. ಭಾನುವಾರ ಹನ್ನೆರಡನೆಯ ಫೈನಲ್. ಗೆದ್ದವನ ಕಪ್ಪು ಸಿಕ್ಕರೆ ಅಂದೇ ಸಿಗಬೇಕು.

ಅವನೆದುರು ನಿಂತವನು ಅವಿಶ್ರಾಂತಪ್ರತ್ಯುತ್ತರದಾಯಕ, ಆಜನ್ಮಬ್ರಹ್ಮಚಾರಿ, ಕ್ಲಬ್ಬಿನ ಕಾರ್ಯದರ್ಶಿ ಅಚ್ಯುತ ಹುಯಿಲಗೋಳ. ಬಂದ ಚೆಂಡನ್ನೆಲ್ಲ ಆಕಾಶಕ್ಕೆತ್ತಿ ವಾಪಸು ಕಳಿಸುವುದು ಅವನ ಯುದ್ಧತಂತ್ರ. ಎದುರಾಳಿ ಸೋಲುತ್ತಿರಲಿಲ್ಲ, ಬೇಸತ್ತು ಹೋಗುತ್ತಿದ್ದ.

ಅಂಕಣದ ಗುಟ್ಟು ಇಷ್ಟೇ. ಕೆಮ್ಮಣ್ಣನ್ನು ಹಾಗೇ ಬಿಟ್ಟರೆ ಚೆಂಡು ನಿಧಾನವಾಗಿ ಪುಟಿದು ಎದೆಮಟ್ಟಕ್ಕೆ ಬರುತ್ತದೆ. ಸೆಗಣಿ ಸಾರಿಸಿ ಒಣಗಿಸಿದರೆ ನೆಲ ನುಣುಪಾಗಿ ಚೆಂಡು ಹಾವಿನಂತೆ ಸರ‍್ರನೆ ಜಾರುತ್ತದೆ. ಮಂಡಿ ಉಳಿಯಬೇಕಾದರೆ ಕುರಟ್ಟಿಗೆ ಎರಡೇ ಹೊಡೆತದಲ್ಲಿ ಆಟ ಮುಗಿಯಬೇಕು; ಆದುದರಿಂದ ಸೆಗಣಿ ಬೇಕು. ಅದೇ ಕಾರಣಕ್ಕೆ ಹುಯಿಲಗೋಳನಿಗೆ ಸೆಗಣಿ ಬೇಡ.

ಕಾರ್ಯಕಾರಿ ಸಮಿತಿಯೆಂಬ ಚುರುಮುರಿಭಕ್ಷಕಮಹಾಸಭೆಯಲ್ಲಿ ಕುರಟ್ಟಿ ಎದ್ದು ಸಿಂಹನಾದ ಮಾಡಿದನು.

“ನೆಲಾ ಹೆಂಗಿರಬೇಕಂತ ಹೇಳಾವ ಕಾರ್ಯದರ್ಶಿ. ಆ ನೆಲದ ಮ್ಯಾಲ ಆಡಾವನೂ ಕಾರ್ಯದರ್ಶಿ. ಇನ್ನ ಚೆಂಡಿಗೂ ಅವರ ಹೆಸರ ಇಟ್ಟುಬಿಡ್ರಿ! ಸೆಗಣಿ ಹಾಕಲಿಲ್ಲಾಂದ್ರ ಈ ಶಿವಬಸಪ್ಪ ಅಂಕಣಕ್ಕ ಕಾಲಿಡೂದಿಲ್ಲ!”

“ಸಾಹೇಬ್ರ, ಕಾಲಿಡಾಕ ಮೊದಲ ಕಾಲ ನೆಟ್ಟಗಿರಬೇಕಲ್ರಿ,” ಎಂದನು ಹುಯಿಲಗೋಳ.

ಸಭೆ ಮೂರು ಸಂಜೆ ನಡೆಯಿತು. ಯಾರ ಮನಸ್ಸನ್ನೂ ನೋಯಿಸದ ನಿರ್ಣಯವೊಂದನ್ನು ಸಮಿತಿ ಸರ್ವಾನುಮತದಿಂದ ಅಂಗೀಕರಿಸಿತು: ನೆಟ್ಟಿನ ಈಚೆಯ ಅರ್ಧಕ್ಕೆ ಸೆಗಣಿ, ಆಚೆಯ ಅರ್ಧಕ್ಕೆ ಬರೀ ಮಣ್ಣು. ಆಟಗಾರರು ಹೇಗೂ ಬದಿ ಬದಲಿಸುತ್ತಾರೆ, ಆದ್ದರಿಂದ ಸಮಾನ ನ್ಯಾಯ. ಅಂಕಣ ನೋಡಿಕೊಳ್ಳುವ ಫಕೀರವ್ವ ನಿರ್ಣಯ ಕೇಳಿ, “ಅರ್ಧಾ ಸಾರಿಸಿದ ಅಂಗಳಾ ನಮ್ಮ ಕಡೆ ಯಾರೂ ನೋಡಿಲ್ರಿ,” ಎಂದಳು. ಆದರೂ ಸಾರಿಸಿದಳು.

ಭಾನುವಾರ ನಾಲ್ಕು ಗಂಟೆಗೆ ಸಮರ ಶುರುವಾಯಿತು. ಮಣ್ಣಿನ ಕಡೆ ನಿಂತು ಕುರಟ್ಟಿ ಹೊಡೆದ ಸರ್ವಿಸು ಸೆಗಣಿಯ ನೆಲದಲ್ಲಿ ಜಾರಿ, ಹುಯಿಲಗೋಳನ ಪಾದಗಳ ಪಕ್ಕದಲ್ಲಿ ಹಾದು ಬೇಲಿಗೆ ಬಡಿಯಿತು. ಬದಿ ಬದಲಾಯಿತು. ಈಗ ಅದೇ ಸರ್ವಿಸು ಮಣ್ಣಿನಲ್ಲಿ ಸುಸ್ತಾಗಿ ಎದ್ದು ಹುಯಿಲಗೋಳನ ರ‍್ಯಾಕೆಟ್ಟನ್ನು ತಾನೇ ಹುಡುಕಿಕೊಂಡು ಹೋಯಿತು. ಅವನು ಮರಳಿಸಿದ್ದು ಕುರಟ್ಟಿಯ ಮಂಡಿಯ ಕೆಳಗೆ ನುಸುಳಿತು. ಮಣ್ಣಿನ ಕಡೆ ನಿಂತವನು ಗೆದ್ದನು, ಸೆಗಣಿಯ ಕಡೆ ನಿಂತವನು ಸೋತನು. ಹೀಗೆಯೇ ಆರು ಆರು ಸಮವಾಯಿತು.

ಕ್ಲಬ್ಬಿನ ಪದ್ಧತಿಯಂತೆ ಇನ್ನೊಂದೇ ಗೇಮು. ಯಾರು ಯಾವ ಕಡೆ ನಿಲ್ಲಬೇಕೆಂಬುದು ನಿಯಮಾವಳಿಯಲ್ಲಿ ಇರಲಿಲ್ಲ. ಆಗ, ಓ ಕಾಲಪುರುಷನೇ, ಯಾವ ರಣರಂಗವೂ ಕಾಣದ ವ್ಯೂಹವನ್ನು ಆ ಗುಡ್ಡ ಕಂಡಿತು. ಇಬ್ಬರು ವೀರರೂ ನೆಟ್ಟಿನ ಒಂದೇ ಬದಿಯಲ್ಲಿ, ಮಣ್ಣಿನ ಮೇಲೆ, ಭುಜಕ್ಕೆ ಭುಜ ತಾಗಿಸಿ ನಿಂತರು. ಎದುರುಗಡೆ ಯಾರೂ ಇರಲಿಲ್ಲ.

“ಸೆಗಣಿ ಬೇಕಂದಾವ್ರು ನೀವ. ಹೋಗ್ರಿ ಆ ಕಡೆ,” ಎಂದನು ಹುಯಿಲಗೋಳ.

“ಬೇಕಂದದ್ದು ನಿಮ್ಮ ಕಾಲಾಗ. ನನ್ನ ಕಾಲಾಗಲ್ಲ.”

“ನಾಣ್ಯಾ ಹಾರಸೂಣೇನ್ರಿ?” ಎಂದನು ಅಂಪೈರ್.

“ಸಮಿತಿ ನಾಣ್ಯಾ ನಾ ನಂಬೂದಿಲ್ಲ!” ಎಂದು ಕುರಟ್ಟಿ ಗುಡುಗಿದನು.

“ಹಂಗಾರ ಮೊದಲ ಯಾರ ಕಾಲ ಸರೀತೈತೋ ಅವರು ಆ ಕಡೆ ಆಡ್ಬೇಕು,” ಎಂದು ಅಂಪೈರ್ ತೀರ್ಪಿತ್ತು ಕುರ್ಚಿಯಲ್ಲಿ ಒರಗಿದನು.

ಅರ್ಧ ಗಂಟೆ ಕಳೆಯಿತು. ಸಮಿತಿ ಬೇಡಿಕೊಂಡಿತು, ಬೆದರಿಸಿತು, ಚಹಾ ತರಿಸಿತು. ವೀರರು ನಿಂತಲ್ಲೇ ಕುಡಿದರು. ಮಂಡಿಗಳು ಉರಿಯುತ್ತಿದ್ದರೂ ಕುರಟ್ಟಿ ಒಂದು ಬೆರಳಿನಷ್ಟೂ ಕದಲಲಿಲ್ಲ. ಹುಯಿಲಗೋಳನ ಪಾದಗಳು ನಡುಗತೊಡಗಿದ್ದವು. ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಕಪ್ಪು ಕುರಟ್ಟಿಯ ಕಡೆಗೆ ಮುಖ ತಿರುಗಿಸಿತ್ತು.

ಅಷ್ಟರಲ್ಲಿ ಫಕೀರವ್ವ ಕಸಬರಿಗೆ ಹಿಡಿದು ಬಂದಳು.

“ಸ್ವಲ್ಪ ತಡಿ ಬೇ, ಫೈನಲ್ ನಡದೈತಿ,” ಎಂದನು ಅಂಪೈರ್.

“ಎಲ್ಲಿ ನಡದೈತ್ರಿ? ನಿಂತೈತಿ. ದೀಪಾ ಹಚ್ಚಿದ ಮ್ಯಾಲ ಕಸಾ ಹೊಡೀಬಾರದ್ರೀ.” ಅವಳು ಬಗ್ಗಿ ಮಣ್ಣಿನ ಮೇಲೆ ಬರ‍್ ಬರ‍್ ಎಂದು ಗುಡಿಸುತ್ತ ವೀರರ ಪಾದಗಳತ್ತ ಬಂದಳು. “ಸರೀರಿ.”

ಸಮಿತಿಗೆ ಬಗ್ಗದ, ನೋವಿಗೆ ಜಗ್ಗದ ಕುರಟ್ಟಿಯು ಎರಡು ಹೆಜ್ಜೆ ಹಿಂದೆ ಸರಿದು, ಗುಡಿಸಲು ಜಾಗ ಬಿಟ್ಟನು. ಯೋಚಿಸಿ ಸರಿದದ್ದಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಕಸಬರಿಗೆ ಹತ್ತಿರ ಬಂದಾಗಲೆಲ್ಲ ಆ ಕಾಲುಗಳು ತಾವಾಗಿ ಸರಿಯುವುದನ್ನು ಕಲಿತಿದ್ದವು. ಅಂಥ ವಿದ್ಯಾಭ್ಯಾಸವಿಲ್ಲದ ಆಜನ್ಮಬ್ರಹ್ಮಚಾರಿಯ ಬೂಟುಗಳ ಮೇಲೆ ಕಸ ಹಾಯ್ದು ಹೋಯಿತು; ಅವನು ಅಲ್ಲಾಡಲಿಲ್ಲ.

ಕೊನೆಯ ಗೇಮು ನಾಲ್ಕು ಪಾಯಿಂಟಿನಲ್ಲಿ ಮುಗಿಯಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೊರಡುವ ಮುನ್ನ ಕುರಟ್ಟಿ ಪಡಸಾಲೆಯಲ್ಲಿ ಕುಳಿತು ಆಟೋ ಕಾಯುತ್ತಿದ್ದನು. ಹೆಂಡತಿ ನೀಲಮ್ಮ ಒಳಗಿನಿಂದ ಗುಡಿಸುತ್ತ ಬಂದಳು.

“ನಿನ್ನಿ ಸಂಜಿಯಿಂದ ಒಂದ ಮಾತಾಡವಲ್ರಿ. ಹೆಂಗ ಸೋತ್ರಿ, ಅದನ್ನರ ಹೇಳ್ರಿ.”

“ಫಕೀರವ್ವ ಕಸಾ ಹೊಡ್ಯಾಕತ್ತಿದ್ಲು. ಸರದ್ನಿ.”

ನೀಲಮ್ಮ ಒಂದು ಕ್ಷಣ ನೆಟ್ಟಗೆ ನಿಂತು ಗಂಡನನ್ನು ನೋಡಿದಳು. ಆಮೇಲೆ ಮತ್ತೆ ಬಗ್ಗಿದಳು.

“ಛಲೋ ಆತು. ಈಗ ಕಾಲ ಎತ್ರಿ.”

ಅವನು ಎತ್ತಿದನು.